ತವಾದ ಮೇಲೆ 'ಪಿಎಫ್‌ಓಎ ಫ್ರೀ' ಅಂತ ಸ್ಟಿಕ್ಕರ್ ಇದ್ರೆ ಸಾಕಾ?

ಪ್ರಶ್ನೆ: ಅಕ್ಕ, ನಮ್ಮ ನಾನ್‌ಸ್ಟಿಕ್ ಕಾವಲಿಯ ಕರಿ ಕೋಟಿಂಗ್ ಎದ್ದು ನೀರ್‌ದೋಸೆಗೆ ಅಂಟಿ ಬರ್ತಾ ಉಂಟು. ಮಗಳಿಗೆ 4 ವರ್ಷ, ಅವಳೂ ಅದೇ ದೋಸೆ ತಿಂದಿದ್ದಾಳೆ, ನನಗೆ ನಿದ್ದೆ ಇಲ್ಲ. ಹೊಸದು ತರ್ಲಿಕ್ಕೆ ಹೋದ್ರೆ ಅಂಗಡಿಯವರು 'ಇದು ಪಿಎಫ್‌ಓಎ ಫ್ರೀ, ಹೆದರ್ಬೇಡಿ' ಅಂತ ಸ್ಟಿಕ್ಕರ್ ತೋರಿಸ್ತಾರೆ. ಈ ಫಾರೆವರ್ ಕೆಮಿಕಲ್ ಅಂದ್ರೆ ಎಂತದು? ಸ್ಟಿಕ್ಕರ್ ನಂಬ್ಲಿಕ್ಕೆ ಆಗ್ತದಾ?
– ಓದುಗರೊಬ್ಬರು, ಕಟಪಾಡಿ

ಉತ್ತರ: ಮೊದ್ಲು ಮಗಳ ವಿಷಯ ಹೇಳ್ತೇನೆ, ನೀವು ನಿದ್ದೆ ಮಾಡಿ. ಆ ಕರಿ ಚೂರು ಪಿಟಿಎಫ್‌ಇ, ಅಂದ್ರೆ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್, ಹೊಟ್ಟೆಯಲ್ಲಿ ಕರಗುವುದಿಲ್ಲ, ಬಂದ ಹಾಗೇ ಹೊರಗೆ ಹೋಗ್ತದೆ. ಆದ್ರೆ ಆ ಕಾವಲಿಯನ್ನು ಇವತ್ತೇ ಒಲೆಯಿಂದ ಇಳಿಸಿ. ಇನ್ನೊಂದು, ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿ ಇಟ್ಟು ಜೋರು ಉರಿ ಮಾಡ್ಬಾರ್ದು, ಸುಮಾರು 260 ಡಿಗ್ರಿ ದಾಟಿದ್ರೆ ಕೋಟಿಂಗ್ ಕೆಡ್ಲಿಕ್ಕೆ ಶುರುವಾಗ್ತದೆ, ಇನ್ನೂ ಕಾದ್ರೆ ಬರುವ ಹೊಗೆಗೆ ಮನೆಯಲ್ಲಿ ಸಾಕಿದ ಗಿಳಿ, ಲವ್ ಬರ್ಡ್ಸ್ ಸತ್ತೇ ಹೋಗ್ತವೆ.

ನಿಜವಾದ ತೊಂದರೆ ನಿಮ್ಮ ದೋಸೆಯಲ್ಲಿ ಇರುವುದಕ್ಕಿಂತ ಜಾಸ್ತಿ ಆ ಕೋಟಿಂಗ್ ತಯಾರಾಗುವ ಊರಲ್ಲಿ ಉಂಟು. ಪಿಟಿಎಫ್‌ಇ 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಕೈಗೆ ಆಕಸ್ಮಿಕವಾಗಿ ಸಿಕ್ಕಿದ್ದು, ಮುಂದೆ ಅದನ್ನು ಫ್ಯಾಕ್ಟರಿಯಲ್ಲಿ ಮಾಡ್ಲಿಕ್ಕೆ ಬಳಸಿದ ಸಹಾಯಕ ಕೆಮಿಕಲ್ಲೇ ಪಿಎಫ್‌ಓಎ. ವೆಸ್ಟ್ ವರ್ಜೀನಿಯಾದ ಪಾರ್ಕರ್ಸ್‌ಬರ್ಗ್ ಹತ್ರ ಅದು ಜನ ಕುಡಿಯುವ ನೀರಿಗೇ ಸೇರಿತ್ತು. ಒಬ್ಬ ರೈತರ ದನಗಳು ಒಂದೊಂದೇ ಸತ್ತವು, ಅವರು ರಾಬ್ ಬಿಲಾಟ್ ಅನ್ನುವ ವಕೀಲರ ಹತ್ರ ಹೋದ್ರು, ಆ ಕೇಸಿನಿಂದಾಗಿ ಸುಮಾರು 69,000 ಜನರ ರಕ್ತ ಪರೀಕ್ಷೆ ಆಯ್ತು, ಕಿಡ್ನಿ ಕ್ಯಾನ್ಸರ್, ವೃಷಣದ ಕ್ಯಾನ್ಸರ್, ಥೈರಾಯ್ಡ್, ಕೊಲೆಸ್ಟ್ರಾಲ್, ಬಸುರಿಯರ ಬಿಪಿ ಇವಕ್ಕೆಲ್ಲ ನಂಟು ಇರುವ ಸಂಭವ ಉಂಟು ಅಂತ ವಿಜ್ಞಾನಿಗಳ ಸಮಿತಿ ಹೇಳಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಪಿಎಫ್‌ಓಎಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿತು.

ಪಿಎಫ್‌ಓಎ ಜಾತಿಯ ಕೆಮಿಕಲ್‌ಗಳಿಗೆ ಫಾರೆವರ್, ಅಂದ್ರೆ ಯಾವತ್ತಿಗೂ ಉಳಿಯುವಂಥದ್ದು, ಅನ್ನುವ ಹೆಸರು ಯಾಕೆ ಅಂದ್ರೆ, ಅವುಗಳಲ್ಲಿ ಇರುವ ಕಾರ್ಬನ್ ಮತ್ತು ಫ್ಲೋರಿನ್ ಒಂದನ್ನೊಂದು ಹಿಡ್ಕೊಂಡ್ರೆ ಬಿಸಿಲು, ಮಳೆ, ಮಣ್ಣಿನ ಬ್ಯಾಕ್ಟೀರಿಯಾ ಯಾವುದಕ್ಕೂ ಸುಲಭದಲ್ಲಿ ಬಿಡುವುದಿಲ್ಲ. ನಮ್ಮ ರಕ್ತಕ್ಕೆ ಸೇರಿದ ಪಿಎಫ್‌ಓಎ ಅರ್ಧಕ್ಕೆ ಇಳೀಲಿಕ್ಕೇ 2-3 ವರ್ಷ ಬೇಕು.

ಈಗ ಸ್ಟಿಕ್ಕರ್. ಅದರಲ್ಲಿ ಸುಳ್ಳು ಇಲ್ಲದೆ ಇರಬಹುದು, ಆದ್ರೆ ಅದು ಹೇಳುವುದು ಒಂದೇ ಒಂದು ಹೆಸರಿನ ವಿಷಯ. ಪಿಎಫ್‌ಓಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ, ಅಂದ್ರೆ ಬೇಗ ಕರಗದೆ ಉಳಿಯುವ ವಿಷಗಳ ಬಗ್ಗೆ ದೇಶಗಳು ಮಾಡಿಕೊಂಡ ಒಪ್ಪಂದದ, ನಿಷೇಧ ಪಟ್ಟಿಗೆ ಸೇರಿತು, ಅದಕ್ಕೂ ಎಷ್ಟೋ ಮೊದಲೇ ಅದರ ಜಾಗಕ್ಕೆ ಜೆನ್‌ಎಕ್ಸ್ ಅಂತ ಇನ್ನೊಂದು ಬಂದಾಗಿತ್ತು, ಅದೂ ಫ್ಲೋರಿನ್ನಿನದ್ದೇ, ಕಾರ್ಬನ್ ಸರಪಳಿ ಸ್ವಲ್ಪ ಗಿಡ್ಡ ಅಷ್ಟೆ. ಕೊನೆಗೆ ಅದೂ ನಾರ್ತ್ ಕೆರೊಲಿನಾದ ಕೇಪ್ ಫಿಯರ್ ನದಿಯಲ್ಲಿ, ಊರಿನ ಕುಡಿಯುವ ನೀರಿನಲ್ಲಿ ಸಿಕ್ಕಿತು. ಹಾಗಾಗಿ ಅಂಗಡಿಯಲ್ಲಿ 'ಪಿಎಫ್‌ಓಎ ಉಂಟಾ' ಅಂತ ಕೇಳ್ಬೇಡಿ, 'ಪಿಟಿಎಫ್‌ಇ ಉಂಟಾ, ಫ್ಲೋರಿನ್ ಇರುವ ಬೇರೆ ಎಂತಾದ್ರೂ ಉಂಟಾ' ಅಂತ ಕೇಳಿ.

ಒಂದೊಂದೇ ಹೆಸರು ಹಿಡಿದು ನಿಷೇಧ ಮಾಡುವುದು ಎಷ್ಟು ತಡ ಆಗ್ತದೆ ಅಂತ ನಮ್ಮ ದಕ್ಷಿಣ ಕನ್ನಡದವರಿಗೆ ಬೇರೆ ಯಾರೂ ಹೇಳ್ಬೇಕಾಗಿಲ್ಲ. ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಇದೇ ಸ್ಟಾಕ್‌ಹೋಮ್ ಪಟ್ಟಿಗೆ ಸೇರಿದ್ದು 2011ರಲ್ಲಿ, ಅಷ್ಟರಲ್ಲಿ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದು ಎಷ್ಟೋ ವರ್ಷ ಆಗಿತ್ತು, ಹಾಸಿಗೆಯಿಂದ ಏಳ್ಲಿಕ್ಕಾಗದ ಮಕ್ಕಳನ್ನು ಅಲ್ಲಿಯ ಅಮ್ಮಂದಿರು ಇವತ್ತಿಗೂ ನೋಡ್ಕೊಳ್ತಾ ಇದ್ದಾರೆ. ಅದು ಒಂದು ಕೆಮಿಕಲ್. ಫ್ಲೋರಿನ್ನಿನ ಈ ಕುಟುಂಬದಲ್ಲಿ 10,000ಕ್ಕೂ ಮಿಕ್ಕಿ ಉಂಟು! ಅದಕ್ಕೇ ಜರ್ಮನಿ, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ಸ್ವೀಡನ್, ನಾರ್ವೆ ಸೇರಿ 2023ರ ಜನವರಿಯಲ್ಲಿ ಇಡೀ ಗುಂಪನ್ನೇ ಒಟ್ಟಿಗೆ ನಿರ್ಬಂಧಿಸುವ ಪ್ರಸ್ತಾವ ಕೊಟ್ಟವು, ಬೇರೆ ದಾರಿ ಇಲ್ಲದ ಕೆಲವು ಬಳಕೆಗಳಿಗೆ ಮಾತ್ರ ಹೆಚ್ಚು ಸಮಯ. ನನಗೆ ಇದೇ ಸರಿ ಅಂತ ಕಾಣ್ತದೆ. ಹಾರ್ಟ್ ಆಪರೇಷನ್ನಿಗೆ ಹಾಕುವ ಕೃತಕ ರಕ್ತನಾಳಕ್ಕೆ ಪಿಟಿಎಫ್‌ಇ ಬೇಕು ಅಂದ್ರೆ ಒಪ್ಪುವ, ಬರ್ಗರ್ ಸುತ್ತುವ ಕಾಗದಕ್ಕೆ ಬೇಕು ಅಂದ್ರೆ ಹೇಗೆ ಒಪ್ಪುವುದು?

ನಮ್ಮಲ್ಲಿ ಕೆಲಸ ತುಂಬಾ ಬಾಕಿ ಉಂಟು. 2020ರಲ್ಲಿ ಭಾರತ ಸ್ಟಾಕ್‌ಹೋಮ್ ಪಟ್ಟಿಯಿಂದ ಇನ್ನೂ 7 ಕೆಮಿಕಲ್‌ಗಳನ್ನು ಒಪ್ಪಿಕೊಂಡಾಗ ಈ ಕುಟುಂಬದ್ದು ಒಂದೂ ಅದರಲ್ಲಿ ಇರಲಿಲ್ಲ. 2025ರಲ್ಲಿ ಆಹಾರಕ್ಕೆ ತಾಗುವ ಪ್ಯಾಕಿಂಗಿನಿಂದ ಇವನ್ನು ತೆಗೀಲಿಕ್ಕೆ ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮದ ಕರಡು ತಂದಿದೆ, ಒಳ್ಳೇದೇ, ಆದ್ರೆ ಫ್ಯಾಕ್ಟರಿಯ ನೀರು ಎಲ್ಲಿಗೆ ಹೋಗ್ತದೆ ಅನ್ನುವುದಕ್ಕೂ ನಿಯಮ ಬೇಕು. ನಾವು ಕೊಂಕಣ ರೈಲಿನಲ್ಲಿ ಮುಂಬೈಗೆ ಹೋಗುವಾಗ ಚಿಪ್ಳೂಣ್, ಖೇಡ್ ಸ್ಟೇಷನ್ ಬರ್ತದಲ್ಲ, ಅವೆರಡರ ನಡುವೆ ಲೋಟೆ ಅಂತ ಕೈಗಾರಿಕಾ ಪ್ರದೇಶ ಉಂಟು. ಇಟಲಿಯ ವೆನೆಟೊದಲ್ಲಿ ಇದೇ ಕುಟುಂಬದ ಕೆಮಿಕಲ್‌ಗಳಿಂದ ಲಕ್ಷಗಟ್ಟಲೆ ಜನರ ನೀರು ಕೆಡಿಸಿ 2018ರಲ್ಲಿ ದಿವಾಳಿಯಾದ ಮಿತೆನಿ ಫ್ಯಾಕ್ಟರಿಯ ಯಂತ್ರಗಳು ಬಂದದ್ದು ಅಲ್ಲಿಗೆ. ಆ ಫ್ಯಾಕ್ಟರಿಯ ವಿಷಯದಲ್ಲಿ 2025ರಲ್ಲಿ ಇಟಲಿಯ ಕೋರ್ಟು 11 ಜನರಿಗೆ ಶಿಕ್ಷೆ ಕೊಟ್ಟಿದೆ. ಅಲ್ಲಿ ಬಿಗಿ ಆದದ್ದು ಇಲ್ಲಿಗೆ ಬರ್ತದೆ, ಇದೇ ಕರಾವಳಿಗೆ.

ಕಾವಲಿಗೆ ಎಂತ ಮಾಡುವುದು? ಸೆರಾಮಿಕ್ ಕೋಟಿಂಗಿನದ್ದರಲ್ಲಿ ಸಾಮಾನ್ಯವಾಗಿ ಫ್ಲೋರಿನ್ ಇರುವುದಿಲ್ಲ ಆದ್ರೆ ಬೇಗ ಸವೀತದೆ. ನಾನು ಕಬ್ಬಿಣದ ಕಾವಲಿಯನ್ನೇ ಹೇಳುವುದು. ಹೊಸದನ್ನು ತಂದು ಚೆನ್ನಾಗಿ ಉಜ್ಜಿ ತೊಳೆದು ಎರಡು ಮೂರು ದಿನ ಗಂಜಿ ತಿಳಿ ಹೊಯ್ದಿಡಿ, ದಿನಾ ಬದಲಿಸಿ, ಆಮೇಲೆ ಒರೆಸಿ ಸಣ್ಣ ಉರಿಯಲ್ಲಿ ತೆಂಗಿನೆಣ್ಣೆ ಹಾಕಿ ಅರ್ಧ ಕೊಯ್ದ ನೀರುಳ್ಳಿಯಿಂದ ಉಜ್ಜಿ, ಎಣ್ಣೆ ಹೊಗೆ ಬಂದು ಕಬ್ಬಿಣ ಕಪ್ಪಾಗುವವರೆಗೆ. ಮೊದಲ ನಾಲ್ಕೈದು ದೋಸೆ ಏಳುವುದಿಲ್ಲ, ಬೇಜಾರು ಮಾಡ್ಬೇಡಿ. ನನ್ನದರಲ್ಲಿ ಎಂಟನೆಯದ್ದು ಅಂಚಿನಿಂದ ತಾನಾಗಿ ಬಿಟ್ಟಿತು, ಸಟ್ಟುಗ ಸುಮ್ಮನೆ ಒಳಗೆ ಹೋಯ್ತು, ನೀರ್‌ದೋಸೆ ಬಿಳಿಯಾಗೇ ಬಂತು. ಮತ್ತೆ ಸೋಪು ಹಾಕಿ ಗಸಗಸ ತಿಕ್ಕಬೇಡಿ.

ಪ್ರಶ್ನೆ: ಮೇಡಂ, ನಾವು ಸುರತ್ಕಲ್‌ನಲ್ಲಿ ಕ್ಯಾಟರಿಂಗ್ ಮಾಡುವವರು. ಪ್ಲಾಸ್ಟಿಕ್ ಬೇಡ ಅಂತ ಕಬ್ಬಿನ ಸಿಪ್ಪೆಯ ಬಟ್ಟಲು ತರಿಸ್ತಾ ಇದ್ದೇವೆ, ಅದರಲ್ಲೂ ಈ ಕೆಮಿಕಲ್ ಇರ್ತದಂತೆ, ಹೌದಾ?

ಉತ್ತರ: ಇರಬಹುದು. ನಾರಿನ ಬಟ್ಟಲು ಎಣ್ಣೆ ಹೀರದ ಹಾಗೆ ಮಾಡ್ಲಿಕ್ಕೆ ಇವನ್ನು ಹಾಕಿದ್ದು ಹೊರದೇಶಗಳಲ್ಲಿ ಪತ್ತೆ ಆಗಿದೆ, ಡೆನ್ಮಾರ್ಕ್ ಕಾಗದ, ರಟ್ಟಿನ ಆಹಾರ ಪ್ಯಾಕಿಂಗಿನಲ್ಲಿ 2020ರಲ್ಲೇ ನಿಲ್ಲಿಸಿತು. ಒಂದು ಬಟ್ಟಲಿಗೆ ಒಂದು ಹನಿ ಎಣ್ಣೆ ಬಿಟ್ಟು ನೋಡಿ, ಕೆಸುವಿನ ಎಲೆ ಮೇಲಿನ ನೀರಿನ ಹಾಗೆ ಗುಂಡಗೆ ನಿಂತ್ರೆ ಸಪ್ಲೈಯರ್ ಹತ್ರ ಲ್ಯಾಬ್ ರಿಪೋರ್ಟ್ ಕೇಳಿ. ಅದೇ ಪಕ್ಕಾ ಸಾಕ್ಷಿ ಅಲ್ಲ, ಕೇಳ್ಲಿಕ್ಕೆ ಕಾರಣ ಮಾತ್ರ. ಅಡಿಕೆ ಹಾಳೆಯ ತಟ್ಟೆಗೆ ಈ ಕೋಟಿಂಗ್ ಬೇಡ, ಆದ್ರೆ ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಅನ್ನುವ ರಾಸಾಯನಿಕ ಊಟಕ್ಕೆ ಇಳೀಬಹುದು ಅಂತ ಅಮೆರಿಕದ ಆಹಾರ, ಔಷಧ ಇಲಾಖೆ ಎಫ್‌ಡಿಎ 2025ರಲ್ಲಿ ಅದಕ್ಕೆ ಆಕ್ಷೇಪ ಎತ್ತಿದೆ, ಇದನ್ನು ಮುಚ್ಚಿಡುವುದು ಸರಿಯಲ್ಲ, ನಮ್ಮಲ್ಲೂ ಸರಿಯಾಗಿ ಪರೀಕ್ಷೆ ಆಗ್ಬೇಕು, ಎಷ್ಟೋ ಮನೆಗಳ ಹೊಟ್ಟೆಪಾಡು ಅದು. ಬಾಳೆಎಲೆ ಸಿಗುವಲ್ಲಿ ಬಾಳೆಎಲೆಯೇ ಹಾಕಿ.

ಪ್ರಶ್ನೆ: ನೀರು ಕುದಿಸಿ ಕುಡಿದ್ರೆ ಈ ಕೆಮಿಕಲ್ ಹೋಗ್ತದಾ? ಟೂತ್‌ಪೇಸ್ಟಿನ ಫ್ಲೋರೈಡೂ ಇದೇನಾ?

ಉತ್ತರ: ಕುದಿಸಿದ್ರೆ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಒಳಗೇ ಉಳೀತದೆ. ಆರ್‌ಓ ಮತ್ತು ಒಳ್ಳೆಯ ಆಕ್ಟಿವೇಟೆಡ್ ಕಾರ್ಬನ್ ಫಿಲ್ಟರ್ ತುಂಬಾ ಮಟ್ಟಿಗೆ ಹಿಡೀತವೆ, ಕಾರ್ಬನ್ನನ್ನು ಟೈಮಿಗೆ ಬದಲಿಸ್ಬೇಕು. ಟೂತ್‌ಪೇಸ್ಟಿನದ್ದು, ಬಯಲುಸೀಮೆಯ ಬೋರ್‌ವೆಲ್ಲಿನದ್ದು ಬೇರೆಯೇ ಫ್ಲೋರೈಡ್, ಅದು ಲವಣ, ಹೆಸರು ಹತ್ತಿರ ಉಂಟು ಅಂತ ಎರಡನ್ನೂ ಒಂದು ಮಾಡ್ಬೇಡಿ.