9 ವರ್ಷದ ಮಗಳು ದೊಡ್ಡವರ ಹಾಡು ಹಾಡಿದರೆ ಏನು ಮಾಡೋದು?

9 ವರ್ಷದ ಮಗಳು ದೊಡ್ಡವರ ಹಾಡಿನ ಅಶ್ಲೀಲ ಸಾಲುಗಳನ್ನು ಹಾಡಿಕೊಂಡು ಓಡಾಡುತ್ತಾಳೆ, ಫೋನ್ ಕಿತ್ತುಕೊಳ್ಳಬೇಕಾ ಅಂತ ಕೇಳಿದ್ದೀರಿ. ಬೇಡ. ಕಿತ್ತುಕೊಂಡರೆ ಗೆಳತಿಯ ಫೋನಿನಲ್ಲಿ ನೋಡುತ್ತಾಳೆ, ನಿಮಗೆ ಹೇಳುವುದಿಲ್ಲ ಅಷ್ಟೇ.

ಬೈಯುವ ಮೊದಲು, "ಈ ಸಾಲಿನ ಅರ್ಥ ಏನು ಅನ್ಸುತ್ತೆ ನಿಂಗೆ?" ಅಂತ ಕೇಳಿ. ಈ ವಯಸ್ಸಿನಲ್ಲಿ ಮಕ್ಕಳನ್ನು ಹಿಡಿಯೋದು ತಾಳ, ಅರ್ಥ ಅಲ್ಲ. "ಇದು ಹುಡುಗಿಯನ್ನು ವಸ್ತುವಿನ ಥರ ನೋಡುವ ಸಾಲು, ನಂಗೆ ಇಷ್ಟ ಇಲ್ಲ" ಅಂತ ನೇರವಾಗಿ ಹೇಳಿ. ಅಷ್ಟು ಅವಳಿಗೆ ತಿಳಿಯುತ್ತದೆ. ನೀವು ನಾಚಿಕೊಂಡು ಮಾತು ತಿರುಗಿಸಿದರೆ ಕುತೂಹಲ ಇನ್ನೂ ಜಾಸ್ತಿಯಾಗುತ್ತದೆ, ಅಲ್ವಾ?

ಸೆಟ್ಟಿಂಗ್ಸ್ ಕೂಡ ಬೇಕು. ಯೂಟ್ಯೂಬ್ ಕಿಡ್ಸ್‌ನಲ್ಲಿ ನೀವು ಒಪ್ಪಿದ ಚಾನೆಲ್, ವಿಡಿಯೋ ಮಾತ್ರ ಕಾಣುವ ಹಾಗೆ ಮಾಡಬಹುದು. ನೆಟ್‌ಫ್ಲಿಕ್ಸ್‌ನಲ್ಲಿ ಅವಳಿಗೆ ಬೇರೆ ಪ್ರೊಫೈಲ್ ಮಾಡಿ, ವಯಸ್ಸಿನ ಮಿತಿ ಹಾಕಿ. ನಿಮ್ಮ ಪ್ರೊಫೈಲಿಗೆ ಪಿನ್ ಇಡೋದು ಮರೆಯಬೇಡಿ, ಇಲ್ಲದಿದ್ದರೆ ಆ ಮಿತಿ ಹಾಕಿಯೂ ಉಪಯೋಗವಿಲ್ಲ. ಆಟೋಪ್ಲೇ, ಅಂದರೆ ಒಂದು ವಿಡಿಯೋ ಮುಗಿದ ಕೂಡಲೇ ಇನ್ನೊಂದು ತಾನಾಗಿಯೇ ಶುರುವಾಗೋದು, ಅದನ್ನು ಆಫ್ ಮಾಡಿ. ಮಗು ಹುಡುಕದೇ ಇದ್ದದ್ದೂ ಅದರಿಂದ ಕಣ್ಣಿಗೆ ಬೀಳುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಅದೇ ಹಾಡು ಹಾಕಿ, ಮಗುವನ್ನು ಕುಣಿಸಿ, ವಿಡಿಯೋ ಮಾಡಿ ನಗುವ ದೊಡ್ಡವರು ಮನೆಯಲ್ಲಿದ್ದರೆ ಮೊದಲು ಅವರಿಗೆ ಹೇಳಿ. ಅಜ್ಜಿಯಾಗಲಿ, ಮಾವನಾಗಲಿ, ಬೇಜಾರಾದರೂ ಪರವಾಗಿಲ್ಲ.