ಟ್ರಸ್ಟಿ ತೀರಿಕೊಂಡರೆ ಅವರ ಜಾಗಕ್ಕೆ ಮಗ ತಾನಾಗಿಯೇ ಬರುತ್ತಾರೆಯೇ?

ನಿಮ್ಮ ಕುಟುಂಬದ ಖಾಸಗಿ ಟ್ರಸ್ಟಿನ ಮೂವರು ಟ್ರಸ್ಟಿಗಳಲ್ಲಿ ಒಬ್ಬರು ತೀರಿಕೊಂಡಿದ್ದಾರೆ, ಅವರ ಮಗ ಆ ಸ್ಥಾನ ತನ್ನದು ಅನ್ನುತ್ತಿದ್ದಾರೆ, ಉಳಿದ ಇಬ್ಬರು ಏನು ಮಾಡಬೇಕು ಎಂದು ಕೇಳಿದ್ದೀರಿ.

ಮಗನಿಗೆ ಆ ಹಕ್ಕಿಲ್ಲ. ಟ್ರಸ್ಟ್ ಡೀಡಿನಲ್ಲೇ, ಅಂದರೆ ಟ್ರಸ್ಟನ್ನು ಸ್ಥಾಪಿಸಿದ ಪತ್ರದಲ್ಲೇ, ಹಾಗೆ ಬರೆದಿದ್ದರೆ ಮಾತ್ರ ಮಾತು ಬೇರೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಸೆಕ್ಷನ್ 76ರಂತೆ ಒಬ್ಬ ಟ್ರಸ್ಟಿ ಸತ್ತರೆ ಟ್ರಸ್ಟಿನ ಆಸ್ತಿ ಉಳಿದ ಟ್ರಸ್ಟಿಗಳಿಗೆ ಸೇರುತ್ತದೆ, ಮೃತರ ವಾರಸುದಾರರಿಗಲ್ಲ.

ಈಗ ಡೀಡ್ ತೆಗೆದು ಎರಡು ವಿಷಯ ಹುಡುಕಿ. ಹೊಸಬರನ್ನು ನೇಮಿಸುವ ಅಧಿಕಾರ ಯಾರಿಗೆ ಕೊಟ್ಟಿದೆ? ಕನಿಷ್ಠ ಎಷ್ಟು ಟ್ರಸ್ಟಿಗಳು ಇರಲೇಬೇಕು ಎಂದಿದೆ? ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಉಳಿದವರು ಕೆಲಸ ಮುಂದುವರಿಸಬಹುದು ಎಂದು ಸೆಕ್ಷನ್ 44 ಹೇಳುತ್ತದೆ ನಿಜ. ಆದರೆ ಆಸ್ತಿಯ ವ್ಯವಹಾರಕ್ಕೆ ಮೂವರು ಬೇಕೇ ಬೇಕು ಎಂಬ ಅರ್ಥ ಡೀಡಿನಲ್ಲಿದ್ದರೆ, ಇಬ್ಬರೇ ಸಹಿ ಹಾಕಿ ಮಾಡಿದ ಮಾರಾಟ ಮುಂದೆ ತಕರಾರಿಗೆ ಬರುತ್ತದೆ. ಹಾಗಿದ್ದರೆ ಮೊದಲು ಸ್ಥಾನ ತುಂಬಿ, ವ್ಯವಹಾರ ಆಮೇಲೆ.

ಡೀಡ್ ಯಾರನ್ನೂ ಹೆಸರಿಸದಿದ್ದರೆ ಸೆಕ್ಷನ್ 73 ಇದೆ. ಟ್ರಸ್ಟ್ ಮಾಡಿದವರು ಬದುಕಿದ್ದರೆ ಅವರು, ಇಲ್ಲವೇ ಉಳಿದ ಟ್ರಸ್ಟಿಗಳು ನೇಮಿಸಬಹುದು. ಟ್ರಸ್ಟ್ ಮಾಡಿದವರು ಇದ್ದಾರೆಂದರೆ ಅವರ ಸಹಿಯನ್ನೂ ಪಡೆಯಿರಿ ಎಂಬುದು ನನ್ನ ಸಲಹೆ; ಆಮೇಲೆ ಯಾರೂ ಬೆರಳು ತೋರಿಸುವುದಿಲ್ಲ. ಯಾವ ಟ್ರಸ್ಟಿಯೂ ಉಳಿದಿಲ್ಲವಾದರೆ, ಕೊನೆಗೆ ಉಳಿದಿದ್ದ ಟ್ರಸ್ಟಿಯ ಕಾನೂನುಬದ್ಧ ಪ್ರತಿನಿಧಿಗೆ ನೇಮಿಸುವ ಅಧಿಕಾರ ಬರುತ್ತದೆ. ಬರುವುದು ನೇಮಿಸುವ ಅಧಿಕಾರ, ಟ್ರಸ್ಟಿ ಸ್ಥಾನವಲ್ಲ. ಇದ್ಯಾವುದೂ ಆಗದಿದ್ದರೆ ಫಲಾನುಭವಿ (ಟ್ರಸ್ಟ್ ಯಾರ ಒಳಿತಿಗಾಗಿ ಇದೆಯೋ ಅವರು) ದಾವೆ ಹೂಡದೆ, ಅರ್ಜಿಯ ಮೂಲಕವೇ ಸೆಕ್ಷನ್ 74ರಡಿ ಸಿವಿಲ್ ನ್ಯಾಯಾಲಯವನ್ನು ಕೇಳಬಹುದು.

ನೇಮಕ ಬರಹದಲ್ಲಿರಬೇಕು, ನೇಮಿಸುವವರ ಸಹಿ ಇರಬೇಕು. ಬಾಯಿಮಾತಿನ ಒಪ್ಪಿಗೆ ನಡೆಯದು. ನಡಾವಳಿ ಪುಸ್ತಕದಲ್ಲಿ ಠರಾವು ಬರೆಯಿರಿ, ಜೊತೆಗೆ ಪ್ರತ್ಯೇಕ ನೇಮಕ ಪತ್ರವನ್ನೂ ಮಾಡಿ. ಅದರಲ್ಲಿ ಹೀಗೆ ಬರಲಿ: "ಇಂಥ ದಿನಾಂಕದ ಟ್ರಸ್ಟ್ ಡೀಡಿನ ಟ್ರಸ್ಟಿಗಳಲ್ಲಿ ಒಬ್ಬರಾದ ಇಂಥವರು ಇಂಥ ದಿನ ನಿಧನರಾದ್ದರಿಂದ, ಉಳಿದ ಟ್ರಸ್ಟಿಗಳಾದ ನಾವು ಸೆಕ್ಷನ್ 73ರಡಿ ಇಂಥವರನ್ನು ಟ್ರಸ್ಟಿಯಾಗಿ ನೇಮಿಸಿದ್ದೇವೆ." ಕೆಳಗೆ ಹೊಸಬರು "ಒಪ್ಪಿಕೊಂಡಿದ್ದೇನೆ" ಎಂದು ಸಹಿ, ದಿನಾಂಕ ಹಾಕಲಿ. ಮರಣ ಪ್ರಮಾಣಪತ್ರ ಲಗತ್ತಿಸಿ. ಮೂಲ ಡೀಡ್ ನೋಂದಣಿಯಾಗಿದ್ದರೆ ಇದನ್ನೂ ನೋಂದಾಯಿಸುವುದು ಒಳ್ಳೆಯದು.

ಆಯ್ಕೆಯಲ್ಲಿ ಎಚ್ಚರ. ಫಲಾನುಭವಿಯ ಹಿತಕ್ಕೆ ವಿರುದ್ಧವಾದ ಹಿತಾಸಕ್ತಿ ಇರುವವರು, ದಿವಾಳಿ ಸ್ಥಿತಿಯಲ್ಲಿರುವವರು, ವಿದೇಶದಲ್ಲಿ ಕಾಯಂ ನೆಲೆಸಿದವರು ಯೋಗ್ಯರಲ್ಲ ಎಂದು ಸೆಕ್ಷನ್ 60 ಹೇಳುತ್ತದೆ. ಹಣ ಪಡೆದು ಇಟ್ಟುಕೊಳ್ಳುವ ಟ್ರಸ್ಟಾದರೆ ಕನಿಷ್ಠ ಇಬ್ಬರಿರಬೇಕು ಎಂದೂ ಅಲ್ಲೇ ಇದೆ.

ಇನ್ನೊಂದು ಮಾತು. ನಾಳೆ ಉಳಿದ ಇಬ್ಬರಲ್ಲಿ ಒಬ್ಬರು ರಾಜೀನಾಮೆ ಪತ್ರ ಕೊಟ್ಟರೆ ಅಷ್ಟಕ್ಕೇ ಸ್ಥಾನ ಖಾಲಿಯಾಗಿ ಬಿಡುವುದಿಲ್ಲ. ಒಪ್ಪಿಕೊಂಡ ಟ್ರಸ್ಟನ್ನು ಬಿಟ್ಟುಕೊಡಲು ನ್ಯಾಯಾಲಯದ ಅನುಮತಿ, ಕರಾರು ಮಾಡಲು ಅರ್ಹನಾದ ಫಲಾನುಭವಿಯ ಸಮ್ಮತಿ ಅಥವಾ ಡೀಡಿನಲ್ಲೇ ಕೊಟ್ಟ ಅಧಿಕಾರ ಬೇಕು ಎಂದು ಸೆಕ್ಷನ್ 46 ಹೇಳುತ್ತದೆ. ಹೊಸಬರನ್ನು ಸರಿಯಾಗಿ ನೇಮಿಸಿದಾಗ ಹಳಬರ ಹೊಣೆ ಇಳಿಯುತ್ತದೆ.

ನೇಮಕವಾದ ಕೂಡಲೇ ಸೆಕ್ಷನ್ 75ರಂತೆ ಆಸ್ತಿಯಲ್ಲಿ ಹೊಸಬರಿಗೂ ಜಂಟಿ ಒಡೆತನ ಬರುತ್ತದೆ, ಆದರೆ ದಾಖಲೆಗಳು ತಾವಾಗಿಯೇ ಬದಲಾಗುವುದಿಲ್ಲ. ಮೊದಲು ಬ್ಯಾಂಕ್: ಠರಾವಿನ ಪ್ರತಿ, ನೇಮಕ ಪತ್ರ, ಹೊಸಬರ ಕೆವೈಸಿ, ಮಾದರಿ ಸಹಿ. ಆಮೇಲೆ ಜಮೀನು-ಕಟ್ಟಡಗಳ ದಾಖಲೆ, ಠೇವಣಿ, ಆದಾಯ ತೆರಿಗೆ ಪೋರ್ಟಲ್. ಷೇರುಗಳು ಟ್ರಸ್ಟಿಗಳ ಹೆಸರಿನಲ್ಲಿದ್ದರೆ ಮೃತರ ಹೆಸರು ತೆಗೆಸುವ ಅರ್ಜಿ ಬೇರೆಯೇ ಕೊಡಬೇಕು.

ನಿಮ್ಮದು ಸಾರ್ವಜನಿಕ ಧರ್ಮಾರ್ಥ ಟ್ರಸ್ಟಾಗಿದ್ದರೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಡೀಡಿನಲ್ಲಿ ದಾರಿ ಸಿಗದಿದ್ದರೆ, ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 92ರಡಿ ದಾವೆ ಹೂಡಬೇಕಾಗುತ್ತದೆ.