ಫ್ರೋಜನ್ ಬಾತುಕೋಳಿ ಮಾಂಸದ ಬೆಲೆ ಇಷ್ಟೊಂದು ಏರಿಳಿಯುವುದೇಕೆ?

ಮುಖ್ಯ ಕಾರಣ ಹಕ್ಕಿಜ್ವರ. ಯುರೋಪಿನ ದೊಡ್ಡ ರಫ್ತುದಾರರಲ್ಲಿ ಒಂದಾದ ಹಂಗೇರಿಯಲ್ಲಿ ರೋಗ ಕಾಣಿಸಿಕೊಂಡರೆ, ಕೊಳ್ಳುವ ಹಲವು ದೇಶಗಳು ಆಮದನ್ನು ತಕ್ಷಣ ನಿಲ್ಲಿಸುತ್ತವೆ. ಕೆಲವು ದೇಶಗಳು ರೋಗ ಬಂದ ಜಿಲ್ಲೆಯ ಸರಕನ್ನಷ್ಟೇ ತಡೆಯುತ್ತವೆ, ಅದೇ ಹೆಚ್ಚು ನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಜಗತ್ತಿನಲ್ಲಿ ಅತಿ ಹೆಚ್ಚು ಬಾತುಕೋಳಿ ಸಾಕುವ ಚೀನಾ ಬಹುಪಾಲನ್ನು ತಾನೇ ತಿನ್ನುತ್ತದೆ. ಹಾಗಾಗಿ ವ್ಯಾಪಾರಕ್ಕೆ ಸಿಗುವ ಸರಕು ಕಡಿಮೆ, ಸ್ವಲ್ಪ ಕೊರತೆಯಾದರೂ ದರ ಜಿಗಿಯುತ್ತದೆ.

ಬಾತುಕೋಳಿ ಬೆಳೆಯಲು ಬ್ರಾಯ್ಲರ್ ಕೋಳಿಗಿಂತ ಒಂದೆರಡು ವಾರ ಹೆಚ್ಚು ಬೇಕು, ಮೇವೂ ಹೆಚ್ಚು. ಹೀಗಾಗಿ ಮೆಕ್ಕೆಜೋಳ, ಸೋಯಾ ದರ ನೇರವಾಗಿ ತಟ್ಟುತ್ತದೆ. ಜೊತೆಗೆ -18 ಡಿಗ್ರಿಯ ಕಂಟೇನರ್ ಬಾಡಿಗೆ, ಡಾಲರ್ ದರ. ಇಡೀ ಹಕ್ಕಿಗಿಂತ ಎದೆಭಾಗ ಸಾಮಾನ್ಯವಾಗಿ ದುಬಾರಿ.

ನಮ್ಮಲ್ಲಿ ಸುಂಕವೂ ಸೇರುತ್ತದೆ. 2023ರಲ್ಲಿ ಅಮೆರಿಕದೊಂದಿಗಿನ ಒಪ್ಪಂದದಲ್ಲಿ ಭಾರತ ಫ್ರೋಜನ್ ಬಾತುಕೋಳಿ ಮತ್ತು ಟರ್ಕಿ ಕೋಳಿ ಮಾಂಸದ ಮೇಲಿನ ಸುಂಕ ಇಳಿಸಲು ಒಪ್ಪಿತು.

ಕೊಳ್ಳುವಾಗ ಬರೀ ಕಿಲೋ ದರ ನೋಡಬೇಡಿ. ಪ್ಯಾಕೆಟ್ ಕೈಯಲ್ಲಿ ಹಿಡಿದು ನೋಡಿ: ಒಳಗೆ ದಪ್ಪ ಐಸ್ ಹರಳು, ತಳದಲ್ಲಿ ಹೆಪ್ಪುಗಟ್ಟಿದ ಕೆಂಪು ನೀರು ಇದ್ದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಅಂಥದ್ದು ಅಗ್ಗಕ್ಕೆ ಸಿಕ್ಕರೂ ಬೇಡ.